ಬ್ಯಾರನ್ ಬಾಗಿಲಿಗೆ ಮೆತ್ತಿದ ಚಕ್ಲಿ ಹಿಟ್ಟು

ಸುಧಾ ಚಕ್ಲಿ ಕರಿಯುವಾಗ ಗಡಿಯಾರ ನೋಡುತ್ತಿರಲಿಲ್ಲ, ಪುಟ ನೋಡುತ್ತಿದ್ದಳು. ಕಾದ ಎಣ್ಣೆಗೆ ಚಕ್ಲಿ ಬಿಟ್ಟು ಸಾಹಸದ ಚಿತ್ರಕತೆಯ ಒಂದು ಪುಟ ಓದಿ ಮುಗಿಸಿದರೆ ಮಗುಚುವ ಹೊತ್ತು, ಇನ್ನೊಂದು ಪುಟ ಮುಗಿದರೆ ತೆಗೆಯುವ ಹೊತ್ತು. ಹೊಡೆದಾಟದ ಪುಟಗಳಲ್ಲಿ ಮಾತು ಕಡಿಮೆ, ಬೇಗ ಮುಗಿದುಬಿಡುತ್ತವೆ. ಅಂಥ ಕಡೆ ಚಿತ್ರಗಳನ್ನು ಎರಡೆರಡು ಸಲ ನೋಡಬೇಕು. ಈ ಲೆಕ್ಕಾಚಾರವನ್ನು ಅತ್ತೆಗೆ ತಿಳಿಸಿ ಹೇಳಲು ಹೋಗಿ ಒಮ್ಮೆ ಚೆನ್ನಾಗಿ ಬೈಸಿಕೊಂಡಿದ್ದಳು.

ಅವಳು ಹಂಪಾಪುರದ ಹುಡುಗಿ. ಏಳನೇ ಕ್ಲಾಸಿಗೆ ಶಾಲೆ ಬಿಡಿಸಿದ್ದರು. ಅಣ್ಣಯ್ಯ ಎಂಬ ಅವಳ ಅಣ್ಣ ಕೋಟೆ ಪಟ್ಟಣದ ಒಂದು ರದ್ದಿ ಕಾಗದದ ಅಂಗಡಿಯಲ್ಲಿ ಕೆಲಸಕ್ಕಿದ್ದ. ತೂಕಕ್ಕೆ ಬಂದ ರಾಶಿಯಲ್ಲಿ ಹಡಗು, ಗುಹೆ, ನಿಧಿ, ಕಡಲ್ಗಳ್ಳರ ಪುಸ್ತಕ ಸಿಕ್ಕಿದರೆ ತಂಗಿಗೆಂದು ಎತ್ತಿಡುತ್ತಿದ್ದ. ಸುಧಾ ಮದುವೆಯಾಗಿ ರಾವಂದೂರಿನ ಹತ್ತಿರದ ಹಳ್ಳಿಗೆ ಬಂದ ಮೇಲೂ ಅದು ನಿಲ್ಲಲಿಲ್ಲ. ಗೌರಿ ಹಬ್ಬಕ್ಕೆ ತವರಿನ ಬಾಗಿನ ಬಂದರೆ ಮೊರದಲ್ಲಿ ಬಳೆ, ಅರಿಶಿನ, ಕುಂಕುಮದ ಕೆಳಗೆ ನಾಲ್ಕೈದು ಪುಸ್ತಕ ಇದ್ದೇ ಇರುತ್ತಿದ್ದವು. ಹನ್ನೆರಡು ವರ್ಷದಲ್ಲಿ ಒಂದು ತಗಡಿನ ಟ್ರಂಕು ತುಂಬಿತ್ತು. ಊರವರಿಗೆ ಅದು ಬೊಂಬೆ ಪುಸ್ತಕ, ಸುಧಾಳಿಗೆ ಅದೇ ತವರು.

ಅತ್ತೆ ಭದ್ರಮ್ಮನಿಗೆ ಆ ಟ್ರಂಕು ಕಂಡರೆ ಮೈಯೆಲ್ಲ ಉರಿ. ಓದು ಬರದ ಹೆಂಗಸು, ಆದರೆ ಹೊಗೆಸೊಪ್ಪು ಕಟ್ಟುವುದರಲ್ಲಿ ಅವಳನ್ನು ಮೀರಿಸಿದವರು ಸುತ್ತ ಇರಲಿಲ್ಲ. ಹಸಿ ಎಲೆಗಳನ್ನು ದಾರದಿಂದ ಉದ್ದನೆಯ ಕಡ್ಡಿಗೆ ಬಿಗಿದು, ಆ ಕಡ್ಡಿಗಳನ್ನು ಬ್ಯಾರನ್ ಎನ್ನುವ ಎತ್ತರದ ಮುಚ್ಚಿದ ಮನೆಯೊಳಗೆ ಸಾಲಾಗಿ ನೇತುಹಾಕಿ ಹದಬೆಂಕಿಯಲ್ಲಿ ಒಣಗಿಸಬೇಕು. ಒಬ್ಬೊಬ್ಬರ ಗಂಟು ಒಂದೊಂದು ಥರ. ಭದ್ರಮ್ಮ ಎಡಚಿ, ಅವಳ ದಾರ ಎಡಕ್ಕೆ ಸುತ್ತುತ್ತದೆ. ಅವಳ ಕಡ್ಡಿ ಯಾವುದೆಂದು ಕತ್ತಲಲ್ಲಿ ಮುಟ್ಟಿ ಹೇಳಬಹುದಿತ್ತು. ಒಂದು ವರ್ಷದಿಂದ ಬೆರಳ ಗೆಣ್ಣುಗಳು ಊದಿಕೊಂಡಿದ್ದವು. ನೀವು ಕೂತ್ಕಳಿ, ನಾನು ಕಟ್ತೀನಿ ಎಂದು ಸೊಸೆ ಹೇಳಿದರೆ ಸಾಕು, "ನನ್ ಕೈ ಇನ್ನೂ ಬಿದ್ದೋಗಿಲ್ಲ ಕಣವ್ವ" ಎಂದು ಮುಖ ತಿರುಗಿಸುತ್ತಿದ್ದಳು.

ತೊಂಬತ್ತೆಂಟರಲ್ಲಿ ಗೌರಿ ಹಬ್ಬಕ್ಕೆ ಎರಡು ದಿನ ಇತ್ತು. ಬ್ಯಾರನ್ನಿಗೆ ಬೆಂಕಿ ಹಾಕಿ ಆರನೆಯ ದಿನ. ಎಲೆ ಒಣಗಿ ಗರಿಗರಿಯಾಗಿ, ನಡುವಿನ ನರ ಒಣಗುವುದೊಂದೇ ಬಾಕಿ. ಹೊಗೆಸೊಪ್ಪಿನವರು ಅತಿ ಹೆಚ್ಚು ಹೆದರುವುದು ಈ ದಿನಕ್ಕೇ. ಒಂದು ಎಲೆ ಜಾರಿ ಹೊರಗಿನ ಒಲೆಯ ಬಿಸಿ ಹರಿಯುವ ಕೆಳಗಿನ ಪೈಪಿನ ಮೇಲೆ ಬಿದ್ದರೂ ಸಾಕು, ಬ್ಯಾರನ್ ಪೂರ್ತಿ ಬೂದಿ. ಗಂಡ ಚಲುವರಾಜು ಮೊರ, ಬಳೆ ತರಲು ಪಿರಿಯಾಪಟ್ಟಣಕ್ಕೆ ಹೋಗಿದ್ದ. ಅವನು ಬಂದು ಎರಡು ಗಂಟೆಯ ಬಸ್ಸಿಗೆ ಕೆ.ಆರ್. ನಗರದಲ್ಲಿದ್ದ ತಂಗಿ ರಮ್ಯಾಳಿಗೆ ಬಾಗಿನ ಕೊಂಡೊಯ್ಯಬೇಕು. ಅಷ್ಟರೊಳಗೆ ಚಕ್ಲಿ ಆಗಬೇಕು. ಎರಡನ್ನೂ ನೋಡಿಕೊಳ್ಳಲೆಂದು ಸುಧಾ ಬ್ಯಾರನ್ನಿನ ಎದುರಿಗೇ ಮೂರು ಕಲ್ಲು ಹೂಡಿ ಬಾಂಡ್ಲಿ ಇಟ್ಟಳು. ಹಿಟ್ಟಿನ ಬೇಸನ್ನಿನ ಪಕ್ಕ ಪುಸ್ತಕವೂ ಬಂತು.

ಭದ್ರಮ್ಮ ಅದನ್ನು ನೋಡಿದಳು.

"ನನ್ ಮಗಳ ಬಾಗಿನ ಇದು. ಒಂದು ಚಕ್ಲಿ ಸೀದ್ರೂ ಆ ಟ್ರಂಕು ಬ್ಯಾರನ್ ಒಲೆಗೆ. ಮಾರಮ್ಮನಾಣೆ."

"ಸೀಯಾಕಿಲ್ಲ ಬುಡಿ ಅತ್ತೆ" ಎಂದಳು ಸುಧಾ. ಆದರೆ ಅತ್ತೆ ಮಾರಮ್ಮನ ಮೇಲೆ ಆಣೆಯಿಟ್ಟು ತಪ್ಪಿದ್ದು ಅವಳು ಕಂಡಿರಲಿಲ್ಲ.

ಎರಡು ಪುಟಕ್ಕೊಂದು ಒಬ್ಬೆ ಚಕ್ಲಿ, ನಾಲ್ಕು ಒಬ್ಬೆಗೊಮ್ಮೆ ಎದ್ದು ಬ್ಯಾರನ್ನಿನ ಬಾಗಿಲ ಗಾಜಿನಲ್ಲಿ ಥರ್ಮಾಮೀಟರ್ ನೋಡುವುದು. ನೂರೈವತ್ತೆಂಟು. ಮತ್ತೆ ನೋಡಿದಾಗಲೂ ನೂರೈವತ್ತೆಂಟು, ಇರಬೇಕಾದಷ್ಟೇ. ಕತೆಯಲ್ಲಿ ಅಣ್ಣ ತಂಗಿ ಇಬ್ಬರೂ ಗುಹೆಯಲ್ಲಿ ಸಿಕ್ಕಿಬಿದ್ದಿದ್ದರು, ಸಮುದ್ರದ ನೀರು ಸೊಂಟದ ತನಕ ಏರಿತ್ತು. ಅರ್ಧದಷ್ಟು ಚಕ್ಲಿ ಆಗಿತ್ತು, ಒಂದೂ ಸೀದಿರಲಿಲ್ಲ. ಪುಟ ಮಗುಚುವಾಗ ಓಮದ ಘಮದ ನಡುವೆ ಬೇರೇನೋ ಮೂಗಿಗೆ ಬಡಿಯಿತು. ಬೆಂದ ಸೊಪ್ಪಿನ ಸಿಹಿ ವಾಸನೆಯಲ್ಲ, ಸುಟ್ಟ ಕಮರು.

ಪುಸ್ತಕ ಎಲ್ಲಿ ಬಿತ್ತೋ ಗೊತ್ತಿಲ್ಲ. ಗಾಜಿಗೆ ಕಣ್ಣಿಟ್ಟಳು. ಒಳಗೆ ಕೆಳಸಾಲಿನ ಕಡ್ಡಿಯೊಂದು ಬೋಳಾಗಿ ನೇತಾಡುತ್ತಿತ್ತು. ಅದರ ಎಲೆಗಳು ಪೈಪಿನ ಮೇಲೆ ಬಿದ್ದು ಅಂಚಿನಲ್ಲಿ ಕೆಂಪಗೆ ಬೆಂಕಿ ಹರಿದಾಡುತ್ತಿತ್ತು.

"ಅತ್ತೇ! ಸೊಪ್ಪು ಬಿದ್ದದೆ!"

ಕೂಗಿಗೆ ಪಕ್ಕದ ಮನೆಯ ಕುಳ್ಳಯ್ಯ ಎರಡು ಕೊಡ ನೀರು ಹಿಡಿದು ಓಡಿ ಬಂದ. "ಬಾಗ್ಲು ತೆಗಿಯವ್ವ, ಉಯ್ದುಬುಡ್ತೀನಿ!"

ಸುಧಾ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. "ತೆಗಿಬ್ಯಾಡಿ! ಬಾಂಡ್ಲಿ ಎಣ್ಣೆ ಹತ್ಕಂಡ್ರೆ ತಟ್ಟೆ ಮುಚ್ತಾರೋ, ನೀರು ಉಯ್ತಾರೋ? ಗಾಳಿ ಹೋದ್ರೆ ಎಲ್ಲಾ ಹೊತ್ಕತದೆ. ಒಲೆ ಸೌದೆ ಈಚೆಗೆ ಎಳೀರಿ!"

"ಇವಳಿಗೆ ತಲೆ ಕೆಟ್ಟದೆ!" ಎಂದು ಭದ್ರಮ್ಮ ಅವಳ ಕೈ ಹಿಡಿದು ಎಳೆದಳು. ಸುಧಾ ಕದಲಲಿಲ್ಲ. ಹನ್ನೆರಡು ವರ್ಷದಲ್ಲಿ ಅತ್ತೆಯ ಎದುರು ಅವಳು ಹೀಗೆ ನಿಂತದ್ದು ಅದೇ ಮೊದಲು. ಕುಳ್ಳಯ್ಯ ಒಮ್ಮೆ ಅತ್ತೆಯನ್ನು, ಒಮ್ಮೆ ಸೊಸೆಯನ್ನು ನೋಡಿ, ಕೊಡ ಕೆಳಗಿಟ್ಟು ಸೌದೆ ಎಳೆಯಲು ಹೋದ. ಒದ್ದೆ ಗೋಣಿಚೀಲ ತುರುಕಿ ಒಲೆಯ ಬಾಯಿ, ಗಾಳಿಕಿಂಡಿ ಮುಚ್ಚಿದರು. ಉಳಿದದ್ದು ಬಾಗಿಲ ಸಂದು. ಹಳೆಯ ಹಲಗೆ ಬಾಗಿ ಸುತ್ತಲೂ ಬೆರಳಗಲ ಬಿಟ್ಟುಕೊಂಡಿತ್ತು, ಅಲ್ಲಿಂದ ಹೊಗೆ ಬುಸುಗುಟ್ಟುತ್ತಿತ್ತು. ಮಣ್ಣು ಕಲಸುವಷ್ಟು ಹೊತ್ತು ಯಾರಿಗಿದೆ?

ಸುಧಾ ಬೇಸನ್ನು ಎತ್ತಿಕೊಂಡು ಬಂದು ಚಕ್ಲಿ ಹಿಟ್ಟನ್ನು ಹಿಡಿ ಹಿಡಿಯಾಗಿ ಸಂದಿಗೆ ಮೆತ್ತತೊಡಗಿದಳು. ಅಕ್ಕಿಹಿಟ್ಟು, ಹುರಿಗಡಲೆ, ಬೆಣ್ಣೆ, ಎಳ್ಳು, ಓಮ, ನಾದಿನಿಯ ಬಾಗಿನದ ಹಿಟ್ಟು ಅಷ್ಟೂ ಹಲಗೆಗೆ ಹೋಯಿತು. ಹಿಂದೆ ಬಾಂಡ್ಲಿಯಲ್ಲಿ ಕೊನೆಯ ಚಕ್ಲಿಗಳು ಕರಕಲಾಗಿ ಹೊಗೆಯೆದ್ದಾಗ ಕುಳ್ಳಯ್ಯನೇ ಅದನ್ನು ಕೆಳಗಿಳಿಸಿದ. ಬೆರಳು ಸುಟ್ಟರೂ ಸುಧಾ ನಿಲ್ಲಿಸಲಿಲ್ಲ. ಗಾಜಿನಾಚೆ ಕೆಂಪು ಇನ್ನೂ ಹರಿದಾಡುತ್ತಿತ್ತು. ಸ್ವಲ್ಪ ಹೊತ್ತಿಗೆ ಮಂಕಾಯಿತು. ಆಮೇಲೆ ಹೊಗೆ ಬಿಟ್ಟು ಏನೂ ಕಾಣಲಿಲ್ಲ.

ಚಲುವರಾಜು ಬಂದಾಗ ಭದ್ರಮ್ಮ ಒಂದೇ ಉಸಿರಿಗೆ ಹೇಳಿದಳು: "ಬೊಂಬೆ ನೋಡ್ತಾ ಕೂತಿದ್ಲು. ಬ್ಯಾರನ್ಗೆ ಬೆಂಕಿ ಬಿತ್ತು, ಚಕ್ಲೀನೂ ಸೀದೋಯ್ತು. ಸೀದ್ರೆ ಒಲೆಗೆ ಹಾಕ್ತೀನಿ ಅಂತ ಆಣೆ ಇಟ್ಟಿವ್ನಿ, ಟ್ರಂಕು ತತ್ತಾ."

ಅವನು ಹೆಂಡತಿಯ ಮುಖ ನೋಡಲಿಲ್ಲ. ತಾಯಿ ಹೇಳಿದ ಮೇಲೆ ಅವನು ಬಾಯಿ ತೆರೆದದ್ದನ್ನು ಆ ಊರಿನಲ್ಲಿ ಯಾರೂ ಕಂಡವರಿಲ್ಲ ಬಿಡಿ. ಟ್ರಂಕನ್ನು ಒಲೆಯ ಪಕ್ಕ ತಂದಿಟ್ಟು, ಆಗಿದ್ದಷ್ಟು ಚಕ್ಲಿಯನ್ನು ಮೊರಕ್ಕೆ ತುಂಬಿಕೊಂಡು ಬಸ್ಸಿಗೆ ಹೊರಟ. ಒಲೆ ಆರಿತ್ತು. ಬಾಗಿಲು ತೆಗೆದು, ಹೊಸ ಸೊಪ್ಪು ತುಂಬಿ, ಮತ್ತೆ ಬೆಂಕಿ ಹಾಕುವ ತನಕ ಟ್ರಂಕಿಗೆ ಆಯುಸ್ಸು.

ಮಾರನೆಯ ದಿನ ಬೆಳಿಗ್ಗೆ ಹಿಟ್ಟನ್ನು ಕುಡುಗೋಲಿನಿಂದ ಕೆತ್ತಿ ಬಾಗಿಲು ತೆಗೆದರು. ಕೆಳಸಾಲಿನ ನಾಲ್ಕು ಕಡ್ಡಿ ಬಿಟ್ಟರೆ ಮಿಕ್ಕಿದ್ದಷ್ಟೂ ಹಾಗೇ ಇತ್ತು, ಒಳಗುಳಿದ ಕಾವಿಗೆ ನರವೂ ಒಣಗಿತ್ತು. ಸುಧಾ ಒಳಗೆ ನುಗ್ಗಿ ಆ ಬೋಳು ಕಡ್ಡಿಯನ್ನು ಈಚೆಗೆ ತಂದಳು. ಒಂದು ತುದಿ ಸುಟ್ಟಿತ್ತು, ಇನ್ನೊಂದು ತುದಿಯಲ್ಲಿ ದಾರ ಉಳಿದಿತ್ತು. ನಾಲ್ಕು ಗಂಟು. ನಾಲ್ಕೂ ಎಡಕ್ಕೆ ಸುತ್ತಿದ್ದವು. ಬೆರಳು ತೂರುವಷ್ಟು ಸಡಿಲ.

ಟ್ರಂಕು ಎರಡು ಮಾರು ದೂರದಲ್ಲಿತ್ತು. ಗಂಡ ಊರಿಂದ ಬಂದಾಗ ಈ ಕಡ್ಡಿಯನ್ನು ಅವನ ಕೈಗೆ ಕೊಟ್ಟರೆ ಸಾಕಾಗಿತ್ತು, ಮಾತೇ ಬೇಕಿರಲಿಲ್ಲ. ಕೊಡಬೇಕು ಎಂದು ಅವಳಿಗೆ ತುಂಬ ಅನ್ನಿಸಿತು. ಬೆನ್ನ ಹಿಂದೆ ಭದ್ರಮ್ಮನ ಉಸಿರು ಕೇಳಿಸಿತು.

"ಏನವ್ವ ಅದು?"

"ಏನಿಲ್ಲ ಅತ್ತೆ. ಸುಟ್ಟ ಕಡ್ಡಿ." ಸುಧಾ ಅದನ್ನು ಮಂಡಿಗೆ ಕೊಟ್ಟು ಮುರಿದು, ದಾರದ ಸಮೇತ ಒಲೆಯೊಳಕ್ಕೆ ಎಸೆದಳು.

ಭದ್ರಮ್ಮ ತನ್ನ ಎಡಗೈಯನ್ನು ಒಮ್ಮೆ ನೋಡಿಕೊಂಡಳು.

ಒಣಗಿದ್ದನ್ನು ಇಳಿಸಿದರು, ಹೊಸ ಸೊಪ್ಪು ಬಂತು, ಹೆಂಗಸರು ಕಟ್ಟಲು ಕೂತರು. ಭದ್ರಮ್ಮ ತನ್ನ ದಾರದ ಉಂಡೆಯನ್ನು ಸೊಸೆಯ ಮಡಿಲಿಗೆ ಹಾಕಿ, "ನನ್ ಪಾಲಿಂದೂ ನೀನೇ ಕಟ್ಟು ಕಣವ್ವ" ಎಂದವಳೇ ಒಲೆಯ ಪಕ್ಕ ಹೋಗಿ ಟ್ರಂಕಿನ ಮೇಲೆ ಕೂತುಕೊಂಡಳು.

ಸಂಜೆ ಬೆಂಕಿ ಹಾಕಲು ಚಲುವರಾಜು ಬಂದ.

"ಅವ್ವ, ಏಳು. ಟ್ರಂಕು ಎತ್ತಬೇಕಲ್ಲ. ನೀನೇ ಆಣೆ ಇಟ್ಟಿದ್ದೆ."

"ಕೂತಿರೋದು ಕಾಣಾಕಿಲ್ವೇನ್ಲಾ? ಆಣೆ ಇಟ್ಟೋಳು ನಾನು, ಮಾರಮ್ಮಂಗೆ ನಾನು ಹೇಳ್ಕತೀನಿ. ನೀನು ಹೋಗಿ ಸೌದೆ ತತ್ತಾ."

ಅವನು ಸೌದೆ ತಂದ. ಒಲೆ ಚೆನ್ನಾಗಿ ಹತ್ತಿಕೊಳ್ಳುವ ತನಕ ಭದ್ರಮ್ಮ ಟ್ರಂಕಿನ ಮೇಲಿಂದ ಏಳಲಿಲ್ಲ.