ಪವರ್ ಇಲ್ಲದ ಕನ್ನಡಕ

ನನ್ನ ಮಗಳ ಕಣ್ಣಿಗೆ ಯಾವ ತೊಂದರೆಯೂ ಇರಲಿಲ್ಲ. ಆದರೂ ಒಂಬತ್ತನೇ ಕ್ಲಾಸಿನ ಅರ್ಧ ವರ್ಷ ಅವಳು ಕನ್ನಡಕ ಹಾಕಿಕೊಂಡು ಓಡಾಡಿದಳು. ಹಾಕಿಸಿದವಳು ನಾನು. ಇಪ್ಪತ್ತು ವರ್ಷದಿಂದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿರುವವಳು, ಸತ್ಯ ಹೇಳಲು ಹೆದರಬೇಡಿ ಎಂದು ಊರ ಮಕ್ಕಳಿಗೆಲ್ಲ ಉಪದೇಶ ಮಾಡುವವಳು. ಇದನ್ನು ಬರೆಯುವಾಗ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ನಮ್ಮ ಮನೆ ಕೋಡಿಯಲ್ಲಿ. ನನ್ನ ಗಂಡ ಐಸ್ ಪ್ಲಾಂಟ್ ನೋಡಿಕೊಳ್ಳುತ್ತಾರೆ, ಮಾತು ಕಡಿಮೆ. ಅವರ ಪಾಲಿನ ಮಾತನ್ನೂ ನಾನೇ ಆಡುತ್ತೇನೆ ಎಂದು ಅತ್ತೆ ಬದುಕಿದ್ದಾಗ ತಮಾಷೆ ಮಾಡುತ್ತಿದ್ದರು. ನಾನು ಪಾಠ ಮಾಡುವ ಶಾಲೆ ಹೆಮ್ಮಾಡಿಯಿಂದ ಸ್ವಲ್ಪ ಮುಂದೆ. ಮಗಳೂ ಅಲ್ಲೇ ಓದುತ್ತಿದ್ದಳು. ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಹೊರಟು ಕುಂದಾಪುರದಲ್ಲಿ ಬಸ್ಸು ಬದಲಿಸಿ ಹೋಗುವುದು.

ಆ ವರ್ಷ ದಸರಾ ರಜೆ ಮುಗಿದ ಮೇಲೆ ಅವಳು ಶಾಲೆಗೆ ಬರಲಿಲ್ಲ. ಯೂನಿಫಾರ್ಮ್ ಹಾಕಿಕೊಂಡರೆ ಕೈ ತಣ್ಣಗಾಗುತ್ತಿತ್ತು, ಎದೆ ಬಡಿದುಕೊಳ್ಳುತ್ತಿತ್ತು, ತಿಂದ ದೋಸೆ ಬಚ್ಚಲಿಗೆ ಹೋಗುತ್ತಿತ್ತು. ಹೊಟ್ಟೆ ಪರೀಕ್ಷೆ ಮಾಡಿಸಿದೆವು, ಹೃದಯ ಪರೀಕ್ಷೆ ಮಾಡಿಸಿದೆವು. ಎಲ್ಲ ಸರಿ ಇತ್ತು. ಎಲ್ಲ ಸರಿ ಇದ್ದರೆ ಮತ್ತೆ ಇದು ನಾಟಕವೇ ತಾನೆ ಎಂದು ನಾನು ತೀರ್ಮಾನ ಮಾಡಿಬಿಟ್ಟೆ. ಬೈದೆ. ಒಂದು ದಿನ ಕೈಯನ್ನೂ ಎತ್ತಿದೆ. ಆ ದಿನ ನನ್ನ ಗಂಡ ನಮ್ಮಿಬ್ಬರ ನಡುವೆ ಬಂದು ನಿಂತರು. "ಸಾಕ್ ಮಾರಾಯ್ತಿ, ಅದ್ ನಾಟ್ಕ ಅಲ್ಲ" ಎಂದರು. ಮದುವೆಯಾದ ಮೇಲೆ ಅವರು ನನಗೆ ಎದುರು ಮಾತಾಡಿದ್ದು ಅದೇ ಮೊದಲಿರಬೇಕು.

ನಮ್ಮ ಮಾಮೂಲು ಡಾಕ್ಟರು ಒಂದು ಚೀಟಿ ಬರೆದುಕೊಟ್ಟರು. ಮಕ್ಕಳ ಮನಸ್ಸಿನ ವಿಷಯ ನೋಡುವ ಮೇಡಂ ಒಬ್ಬರು ಬ್ರಹ್ಮಾವರದಿಂದ ಗುರುವಾರ ಗುರುವಾರ ಕುಂದಾಪುರಕ್ಕೆ ಬರುತ್ತಾರಂತೆ, ಮೆಡಿಕಲ್ ಶಾಪೊಂದರ ಮೇಲಿನ ರೂಮಿನಲ್ಲಿ ಕೂರುತ್ತಾರಂತೆ. ಚೀಟಿಯನ್ನು ನಾನು ನಾಲ್ಕು ಮಡಿಕೆ ಮಾಡಿ ಪರ್ಸಿನ ಒಳಗಿನ ಜಿಪ್ಪಿನಲ್ಲಿಟ್ಟೆ. ಹತ್ತು ದಿನ ಅಲ್ಲೇ ಇತ್ತು. ಟೀಚರ ಮಗಳಿಗೆ ಮಂಡೆ ಸಮ ಇಲ್ಲವಂತೆ ಎಂದು ಕೋಡಿಯಲ್ಲಿ ಒಬ್ಬರು ಹೇಳಿದರೆ ಸಂಜೆಯೊಳಗೆ ಕೋಟೇಶ್ವರಕ್ಕೆ ಮುಟ್ಟುತ್ತದೆ ಎನ್ನುವುದು ನನ್ನ ಲೆಕ್ಕವಾಗಿತ್ತು.

ಕಡೆಗೂ ಒಂದು ಗುರುವಾರ ರಜೆ ಹಾಕಿ ಹೊರಟೆವು. ಬಸ್ ಸ್ಟಾಪಿನಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ಮೀನಿನ ಬುಟ್ಟಿ ಇಟ್ಟುಕೊಂಡು ನಿಂತಿದ್ದರು. ಜೊತೆಗೆ ಅವರ ಮೊಮ್ಮಗಳು, ಆರು ವರ್ಷದ್ದು. ಮಗುವಿನ ಅಪ್ಪ ಅಮ್ಮ ಮುಂಬಯಿಯಲ್ಲಿ ಕ್ಯಾಂಟೀನ್ ಇಟ್ಟುಕೊಂಡಿದ್ದಾರೆ. ಮಗು ಅಜ್ಜಿಯ ಹತ್ತಿರ. ಬಂದಾಗಿನಿಂದ ಅದರ ತಲೆಗೆ ಯಾವಾಗಲೂ ಒಂದು ಬಟ್ಟೆ ಕಟ್ಟಿರುತ್ತಿತ್ತು. ಹೇನು ಅತಿಯಾಗಿ ಕೂದಲು ತೆಗೆಸಿದ್ದೇವೆ ಎಂದು ಅಕ್ಕ ಹೇಳಿದ್ದರು.

"ಹ್ವಾಯ್ ಟೀಚರೇ, ಶಾಲಿ ಬಿಟ್ಕಂಡ್ ಎಲ್ಲಿಗ್ ಹೊರ್ಟದ್ದ್?" ಎಂದು ಕೇಳಿದರು.

"ಕಣ್ಣಿನ ಡಾಕ್ಟ್ರಲ್ಲಿಗೆ. ಇವ್ಳಿಗ್ ಬೋರ್ಡ್ ಸಮ ಕಾಣ್ತಿಲ್ಲ, ತಲೆನೋವ್" ಎಂದೆ. ಅಷ್ಟು ಸಲೀಸಾಗಿ ಬಂತು ಸುಳ್ಳು. ಮಗಳು ನನ್ನ ಮುಖ ನೋಡಿ ಆಚೆ ತಿರುಗಿದಳು.

ಮೇಡಂ ಇನ್ನೂ ನಲವತ್ತು ದಾಟದವರು. ಕಾಟನ್ ಚೂಡಿದಾರ, ಕಾಲಿಗೆ ಹವಾಯಿಗಿಂತ ಸ್ವಲ್ಪ ಮೇಲಿನ ಚಪ್ಪಲಿ. ದೊಡ್ಡ ಮೇಜು, ಬಿಳಿ ಕೋಟು ಎಲ್ಲ ಇರುತ್ತದೆ ಎಂದುಕೊಂಡಿದ್ದೆ. ಅಲ್ಲಿದ್ದದ್ದು ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಒಂದು ಚಾಪೆ, ಬಣ್ಣದ ಪೆನ್ಸಿಲ್ಲು, ಒಂದು ಪುಟ್ಟ ಮೇಜು. ಪುಸ್ತಕದ ಕನ್ನಡ ಆಡುತ್ತಾರೇನೋ ಎಂದರೆ ಅದೂ ಇಲ್ಲ, ನಮ್ಮದೇ ಮಾತು. ಮಗಳ ಹತ್ತಿರ ಊಟದ ಬಗ್ಗೆ, ನಿದ್ದೆಯ ಬಗ್ಗೆ, ಮನೆಯ ಬೆಕ್ಕಿನ ಬಗ್ಗೆ ಕೇಳಿದರು. ಆಮೇಲೆ ತಮ್ಮ ಕಾಗದ ತಿರುಗಿಸಿ ನನಗೆ ತೋರಿಸಿದರು. ಅದರಲ್ಲಿ ಸಾಲಾಗಿ ಏಳು ಗೀಟು.

"ನಾನ್ ಕೇಂಡದ್ ಏಳ್ ಪ್ರಶ್ನೆ. ಏಳಕ್ಕೂ ಉತ್ರ ಕೊಟ್ಟದ್ ನೀವ್."

ನನಗೆ ಸಿಟ್ಟು ನೆತ್ತಿಗೇರಿತು. ಮಗಳು ಬಾಯಿ ಬಿಡುವುದಿಲ್ಲ, ಮತ್ತೆ ನಾನು ಹೇಳದೆ ಇನ್ನಾರು ಹೇಳಬೇಕು? ಅದನ್ನೇ ಹೇಳಿದೆ. ಅವರು ನಗಲೂ ಇಲ್ಲ, ಗದರಲೂ ಇಲ್ಲ.

"ನೀವ್ ಗಣಿತದ ಟೀಚರ್ ಅಲ್ದಾ? ಹಂಗಾರೆ ನಿಮ್ಗೊಂದ್ ಹೋಮ್‌ವರ್ಕ್. ಯಾರೇ ಆಗ್ಲಿ ಇವ್ಳ್ ಹತ್ರ ಎಂತಾರೂ ಕೇಂಡ್ರೆ, ಮನಸ್ನಲ್ಲೇ ಇಪ್ಪತ್ತರ್ ತನಕ ಎಣ್ಸಿ. ಇಪ್ಪತ್ತಾದ್ ಮೇಲೂ ಅವ್ಳ್ ಮಾತಾಡ್ದಿದ್ರೆ ಮತ್ತೆ ನೀವ್ ಹೇಳಿ."

ಇಪ್ಪತ್ತೆಂದರೆ ಎಷ್ಟು ದೊಡ್ಡ ಸಂಖ್ಯೆ ಎಂದು ನನಗೆ ಗೊತ್ತಾದದ್ದು ಆ ವಾರ. ಗಂಡ ಅವಳನ್ನು ಸಾರು ಬೇಕಾ ಎಂದು ಕೇಳಿದರೆ ನನ್ನ ಬಾಯಿ ಐದಕ್ಕೇ ತೆರೆದುಕೊಳ್ಳುತ್ತಿತ್ತು. ತುಟಿ ಕಚ್ಚಿಕೊಂಡು ಎಣಿಸಿದೆ. ಒಮ್ಮೆ ಹದಿನೇಳಕ್ಕೆ ಬಂದಾಗ ಮಗಳು "ಬೇಡ, ಮಜ್ಜಿಗೆ ಸಾಕು" ಎಂದಳು. ನಾನು ಅವಳಿಗೆ ಸಾರು ಬಡಿಸುತ್ತಾ ಬಂದು ಎಷ್ಟು ವರ್ಷವಾಯಿತೋ.

ಈ ನಡುವೆ ನನ್ನ ಸುಳ್ಳು ಬೆಳೆಯುತ್ತಿತ್ತು. ಎರಡನೇ ಗುರುವಾರ ಅಕ್ಕ ಬಸ್ ಸ್ಟಾಪಿನಲ್ಲಿ ಮಗಳ ಮುಖವನ್ನೇ ನೋಡಿ, "ಕನ್ನಡ್ಕ ಕೊಡ್ಲಿಲ್ಯಾ ಡಾಕ್ಟ್ರ್?" ಎಂದರು. ಒಂದು ಸುಳ್ಳಿಗೆ ಹತ್ತು ಸುಳ್ಳಿನ ಊರುಗೋಲು ಬೇಕು. ಅದೇ ದಿನ ವಾಪಸು ಬರುವಾಗ ಅವಳನ್ನು ಆಪ್ಟಿಕಲ್ಸಿಗೆ ಕರೆದುಕೊಂಡು ಹೋದೆ. ಅಂಗಡಿಯವನು ಕಣ್ಣು ನೋಡಿ, "ಪವರ್ ಎಂತದೂ ಬ್ಯಾಡ ಮೇಡಂ, ಕಣ್ಣ್ ಚಂದ ಇತ್ತ್" ಎಂದ. "ಪವರ್ ಇಲ್ಲದ್ದೇ ಕೊಡಿ" ಎಂದೆ. ಅವನು ಒಮ್ಮೆ ನನ್ನನ್ನು, ಒಮ್ಮೆ ಅವಳನ್ನು ನೋಡಿ ಸುಮ್ಮನೆ ಕೊಟ್ಟ.

ಮೂರನೇ ಗುರುವಾರ ಮೇಡಂ ಕನ್ನಡಕ ನೋಡಿದರು. ಕೈ ಚಾಚಿ ಮಗಳಿಂದ ಇಸಿದುಕೊಂಡು, ದುಪ್ಪಟ್ಟಾದಲ್ಲಿ ಒರೆಸಿ, ತಮ್ಮ ಕಣ್ಣಿಗಿಟ್ಟುಕೊಂಡು ಕಿಟಕಿಯ ಆಚೆ ನೋಡಿದರು. ಅವರಿಗೆ ಗೊತ್ತಾಯಿತು. ನನಗಂತೂ ಕುರ್ಚಿಯ ಅಡಿಯಲ್ಲಿ ತೂರಿಕೊಳ್ಳುವ ಹಾಗಾಯಿತು. ಎಲ್ಲ ಹೇಳಿದೆ: ಅಕ್ಕನ ಪ್ರಶ್ನೆ, ಬಸ್ ಸ್ಟಾಪು, ಊರು.

ಒಂದು ಬೈಗುಳ ಬಂದಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ಕನ್ನಡಕವನ್ನು ಮಗಳಿಗೇ ವಾಪಸು ಕೊಟ್ಟರು. "ನಿಂಗ್ ಬೇಕಾದಷ್ಟ್ ದಿನ ಹಾಕ್ಕೋ. ಬ್ಯಾಡ ಅಂತ ಕಂಡ್ ದಿನ ಈ ಮೇಜಿನ್ ಮೇಲ್ ಇಟ್ಟ್ ಹೋಗ್. ಅಮ್ಮನ್ ಹತ್ರ ಕೇಣುದ್ ಬ್ಯಾಡ" ಎಂದರು. ನನ್ನ ಕಡೆ ತಿರುಗಿ, "ಮರ್ಯಾದಿಗ್ ಹೆದ್ರುದ್ ತಪ್ಪಲ್ಲ. ನೀವೂ ಇದೇ ಊರಂಗ್ ಬದುಕ್ಕಲ್ದಾ" ಎಂದಷ್ಟೇ ಹೇಳಿದರು. ಅವರ ಮೇಲೆ ನನಗೆ ಗೌರವ ಹುಟ್ಟಿದ್ದು ಅಲ್ಲಿಂದ.

ಆರನೆಯದೋ ಏಳನೆಯದೋ ಗುರುವಾರ ಅವರು ಮಗಳನ್ನು ಕೇಳಿದರು, ಶಾಲೆ ಅಂದಕೂಡಲೆ ಕಣ್ಣ ಮುಂದೆ ಬರುವುದು ಏನು ಎಂದು. ಗಂಡ ಅವತ್ತು ನಮ್ಮ ಜೊತೆ ಬಂದಿದ್ದರು. ನಾನು ಎಣಿಸತೊಡಗಿದೆ. ಹದಿನಾಲ್ಕಕ್ಕೆ ಮಗಳು ಬಾಯಿಬಿಟ್ಟಳು.

"ಪ್ರತಿಭಾ ಕಾರಂಜಿ."

ನನಗೆ ನೆನಪಾಯಿತು. ಸೆಪ್ಟೆಂಬರಿನಲ್ಲಿ ಭಾಷಣ ಸ್ಪರ್ಧೆ. ನಾನೇ ಬರೆದುಕೊಟ್ಟು ಬಾಯಿಪಾಠ ಮಾಡಿಸಿದ ಭಾಷಣ. ಸ್ಟೇಜಿನ ಮೇಲೆ ಎರಡನೇ ಪ್ಯಾರಾದಲ್ಲಿ ಅವಳಿಗೆ ಮರೆತುಹೋಯಿತು. ಎದುರಿನ ಸಾಲಿನಲ್ಲಿ ಕೂತಿದ್ದ ನಾನು ಎದ್ದು ನಿಂತು ಮುಂದಿನ ವಾಕ್ಯವನ್ನು ಜೋರಾಗಿ ಹೇಳಿಕೊಟ್ಟಿದ್ದೆ. ಒಮ್ಮೆಯಲ್ಲ, ಮೂರು ಸಲ. ಇಡೀ ಹಾಲ್ ನಕ್ಕಿತ್ತು. ನಾನೂ ನಕ್ಕಿದ್ದೆ.

"ನಂಗೆ ಸ್ವಲ್ಪ ಹೊತ್ತ್ ಕೊಟ್ಟಿದ್ರೆ ನೆನಪಾತಿದ್ದಿತ್, ಅಮ್ಮ" ಎಂದಳು ಮಗಳು. "ಬಾಯಿಗ್ ಬಂದಿತ್ತ್."

ನಾನು ಸಹಾಯ ಮಾಡಲು ಹೋದದ್ದು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂತು. ನಾನು ಮೇಡಂ ಮುಖ ನೋಡಿದೆ. ಅವರು ಅವಳ ಪಕ್ಷವನ್ನೂ ವಹಿಸಲಿಲ್ಲ, ನನ್ನ ಪಕ್ಷವನ್ನೂ ವಹಿಸಲಿಲ್ಲ. ನೀರಿನ ಬಾಟಲಿಯನ್ನು ನನ್ನ ಕಡೆ ದೂಡಿದರು. ಇಪ್ಪತ್ತಾಯಿತು, ನಲವತ್ತಾಯಿತು. ಎಣಿಕೆ ಬಿಟ್ಟು ನಾನು ಅತ್ತೆ. ಮಕ್ಕಳೆದುರು ನಾನು ಅತ್ತವಳಲ್ಲ. ಮಗಳು ಎದ್ದು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತಳು.

ಅದರಿಂದ ಎಲ್ಲ ಸರಿಹೋಯಿತು ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ಮರುದಿನ ಬೆಳಿಗ್ಗೆಯೂ ಅವಳು ವಾಂತಿ ಮಾಡಿದಳು. ಮೇಡಂ ಮೆಟ್ಟಿಲು ಹಾಕಿಕೊಟ್ಟರು. ಮೊದಲು ಯೂನಿಫಾರ್ಮ್ ಹಾಕಿ ಮನೆಯಲ್ಲೇ ಒಂದು ಗಂಟೆ ಕೂರುವುದು. ಆಮೇಲೆ ಬಸ್ಸಿನಲ್ಲಿ ಶಾಲೆಯ ಎದುರಿನಿಂದಲೇ ಹಾದು ಬೈಂದೂರಿನವರೆಗೆ ಹೋಗಿ, ಅಲ್ಲೊಂದು ಚಹಾ ಕುಡಿದು ವಾಪಸು ಬರುವುದು. ಅಪ್ಪ ಮಗಳು ಹಾಗೆ ಎಷ್ಟು ಸಲ ಬೈಂದೂರಿಗೆ ಹೋದರೆಂದರೆ, ಕಂಡಕ್ಟರ್ ಬೈಂದೂರಿನಲ್ಲಿ ಸಂಬಂಧ ನೋಡುತ್ತಿದ್ದೀರಾ ಎಂದು ಕೇಳಿದನಂತೆ. ಆಮೇಲೆ ಭಾನುವಾರ ಖಾಲಿ ಶಾಲೆಯಲ್ಲಿ ಅವಳ ಬೆಂಚಿನಲ್ಲಿ ಕೂತು ಬರುವುದು. ಆ ಭಾನುವಾರ ಮೇಡಂ ತಾವೇ ಬ್ರಹ್ಮಾವರದಿಂದ ಎರಡು ಬಸ್ಸು ಬದಲಿಸಿ ಬಂದಿದ್ದರು. ರಜೆಯ ದಿನ ಯಾಕೆ ಮೇಡಂ ಎಂದರೆ, "ನಿಮ್ ಶಾಲಿ ನಾನೂ ಒಂದ್ಸಲ ಕಾಣ್ಕಲ್ದಾ" ಎಂದರು.

ಅವರ ಲೆಕ್ಕವೂ ಒಮ್ಮೆ ತಪ್ಪಿತು. ಜನವರಿಯಲ್ಲಿ ಒಂದು ಸೋಮವಾರ ಬೆಳಗಿನ ಪ್ರಾರ್ಥನೆಗೇ ಹೋಗಿ ನಿಲ್ಲಲಿ ಎಂದರು. ಮಗಳು ಗೇಟಿನಲ್ಲೇ ಕುಸಿದು ಕೂತಳು, ಮೂರು ದಿನ ಕೋಣೆಯಿಂದ ಹೊರಗೆ ಬರಲಿಲ್ಲ. ನಾನು ಆ ಗುರುವಾರ ಜಗಳಕ್ಕೆ ತಯಾರಾಗಿಯೇ ಹೋಗಿದ್ದೆ. ಒಳಗೆ ಕಾಲಿಡುವ ಮೊದಲೇ ಅವರು ಮಗಳಿಗೆ, "ತಪ್ಪ್ ನಂದ್. ಮೆಟ್ಟಿಲ್ ಎತ್ರ ಆಯ್ತ್. ಎರಡ್ ಮಾಡ್ವ ಅದನ್ನ" ಎಂದರು. ನನ್ನ ಜಗಳ ಅಲ್ಲೇ ಇಂಗಿತು. ಬೋರ್ಡಿನ ಮೇಲೆ ನಾನು ಎಷ್ಟೋ ಸಲ ತಪ್ಪು ಬರೆದಿದ್ದೇನೆ. ಮಕ್ಕಳು ತೋರಿಸಿದರೆ, ನಿಮ್ಮನ್ನು ಪರೀಕ್ಷೆ ಮಾಡಲೆಂದೇ ಬರೆದದ್ದು ಎಂದು ಜಾರಿಕೊಳ್ಳುತ್ತಿದ್ದೆ. ಈಗ ತಪ್ಪು ನನ್ನದು ಎನ್ನಲು ಕಲಿತಿದ್ದೇನೆ. ಹೇಳಿಕೊಟ್ಟವರು ಅವರು.

ಒಂದು ಮಧ್ಯಾಹ್ನ ಬಸ್ ಸ್ಟ್ಯಾಂಡಿನಲ್ಲಿ ಅವರನ್ನು ದೂರದಿಂದ ನೋಡಿದೆ. ಹೆಗಲಿಗೆ ಜೋಳಿಗೆ ಚೀಲ ಹಾಕಿ, ನಿಂತುಕೊಂಡೇ ಬನ್ಸ್ ತಿನ್ನುತ್ತಿದ್ದರು, ಇನ್ನೊಂದು ಕೈಯಲ್ಲಿ ಫೋನು. ಯಾರದೋ ತಾಯಿಯ ಫೋನಿರಬೇಕು. ಕೇಳುತ್ತಿದ್ದರು, ಕೇಳುತ್ತಲೇ ಇದ್ದರು. ಒಂದು ಬಸ್ಸು ಹೋಯಿತು, ಹತ್ತಲಿಲ್ಲ. ಎಷ್ಟು ಮನೆಗಳ ಅಳುವನ್ನು ಆ ಜೋಳಿಗೆ ಚೀಲದ ಜೊತೆ ಹೊತ್ತುಕೊಂಡು ಈಕೆ ಬ್ರಹ್ಮಾವರಕ್ಕೆ ಹೋಗುತ್ತಾಳೋ ಎಂದುಕೊಂಡೆ. ಹೋಗಿ ಮಾತಾಡಿಸಲಿಲ್ಲ. ಅವರ ಊಟದ ಹೊತ್ತು ಅದೊಂದೇ.

ಫೆಬ್ರವರಿಯಲ್ಲಿ ಮಗಳು ಎರಡು ಪೀರಿಯಡ್ ಕೂತಳು. ಮಾರ್ಚಿನಲ್ಲಿ ಹೆಡ್ ಮಾಸ್ಟರ ಕೋಣೆಯಲ್ಲಿ ಕೂತು ಪರೀಕ್ಷೆ ಬರೆದಳು, ಪಾಸಾದಳು. ಆದರೂ ಹತ್ತನೇ ಕ್ಲಾಸು ಮುಂದಿತ್ತು. ಬೆಳಿಗ್ಗೆಯಿಂದ ಸಂಜೆಯವರೆಗೆ, ಎಲ್ಲರ ಜೊತೆ, ದಿನವೂ. ಬೇಸಿಗೆ ರಜೆಯ ಕೊನೆಯ ಗುರುವಾರ ಅವಳು ಕನ್ನಡಕ ತೆಗೆದು ಆ ಪುಟ್ಟ ಮೇಜಿನ ಮೇಲಿಟ್ಟಳು. ಮೇಡಂ ಅದನ್ನು ನೋಡಿದರು. ನನಗೆ ಮಾತ್ರ ಹೆದರಿಕೆ ಸುರುವಾಯಿತು. ನಾಳೆ ಅಕ್ಕ ಕೇಳಿದರೆ?

ಅಕ್ಕ ಕೇಳಿಯೇ ಕೇಳಿದರು. ಶಾಲೆ ಸುರುವಾದ ದಿನ, ಬಸ್ ಸ್ಟಾಪಿನಲ್ಲಿ. ಮೊಮ್ಮಗಳು ಅವರ ಸೆರಗು ಹಿಡಿದು ನಿಂತಿತ್ತು, ತಲೆಗೆ ಅದೇ ಬಟ್ಟೆ.

"ಏ ಹೆಣ್ಣೇ, ಕನ್ನಡ್ಕ ಎಲ್ಲೋಯ್ತ್?"

ಒಡೆದುಹೋಯಿತು ಎನ್ನುವ ಮಾತು ನನ್ನ ಬಾಯಲ್ಲಿ ತಯಾರಾಗಿತ್ತು. ಎಷ್ಟು ಚೆನ್ನಾಗಿ ಕೂರುತ್ತಿತ್ತು ಆ ಸುಳ್ಳು. ನಾನು ಬ್ಯಾಗಿನ ಹಿಡಿ ಬಿಗಿಹಿಡಿದು ಒಂದರಿಂದ ಎಣಿಸತೊಡಗಿದೆ. ಆರಕ್ಕೆ ಬಸ್ಸು ತಿರುವಿನಲ್ಲಿ ಕಾಣಿಸಿತು. ಒಂಬತ್ತು. ಹತ್ತು.

"ಕಣ್ಣಿಗ್ ಎಂತದೂ ಆಯ್ಲಿಲ್ಲ, ಅಜ್ಜಿ" ಎಂದಳು ಮಗಳು. ಅಕ್ಕನ ಮುಖ ನೋಡಿಯೇ ಮುಂದುವರಿಸಿದಳು. "ನಂಗೆ ಹೆದ್ರಿಕೆ ಆತಿದ್ದಿತ್. ಶಾಲಿಗ್ ಹೋಪುಕೇ ಆತಿರ್ಲಿಲ್ಲ. ಮನಸ್ಸಿನ್ ವಿಷ್ಯ ನೋಡೋ ಮೇಡಂ ಒಬ್ರ್ ಇದ್ರ್. ಗುರುವಾರ ಹೋತಿದ್ದದ್ ಅವ್ರಲ್ಲಿಗೆ."

ಬಸ್ಸು ಬಂದು ನಿಂತಿತು. ಅವರು ಬುಟ್ಟಿ ಎತ್ತಲಿಲ್ಲ. ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟರು. ಆಮೇಲೆ ನನ್ನ ಹತ್ತಿರ ಸರಿದು ಮೆಲ್ಲಗೆ ಹೇಳಿದರು.

"ಇದ್ ಹೇನಲ್ಲ, ಟೀಚರೇ. ಮುಂಬಯಂಗಿಪ್ಪು ಅಬ್ಬಿ ಅಪ್ಪಯ್ಯನ್ನ ನೆನ್ಸ್ಕಂಡ್ ಕೂದ್ಲ್ ತಾನೇ ಕಿತ್ಕಂತ್. ನಾನ್ ಯಾರ್ ಹತ್ರವೂ ಹೇಳ್ಲಿಲ್ಲ." ಮತ್ತೆ ಕೇಳಿದರು, "ಆ ಮೇಡಂ ಸಣ್ಣ್ ಮಕ್ಕಳ್ನೂ ನೋಡ್ತ್ರಾ? ಎಷ್ಟ್ ಹೊತ್ತಿಗ್ ಬತ್ರ್?"

ಎಂಟು ತಿಂಗಳು ನಾವಿಬ್ಬರೂ ಅದೇ ಸ್ಟಾಪಿನಲ್ಲಿ ಅಕ್ಕಪಕ್ಕ ನಿಂತು ಒಬ್ಬರಿಗೊಬ್ಬರು ಸುಳ್ಳು ಹೇಳಿಕೊಂಡು ಬಂದಿದ್ದೆವು. ಅವರ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು. ಆದರೆ ನಾನು ಹೇಳಲಿಲ್ಲ.

"ಹತ್ತ್ ಗಂಟಿಗ್, ಅಜ್ಜಿ" ಎಂದಳು ಮಗಳು, ಬುಟ್ಟಿಯ ಒಂದು ಬದಿಗೆ ಕೈ ಕೊಡುತ್ತಾ. "ಈ ಗುರುವಾರ ನಾನೇ ತೋರ್ಸ್ತೆ."