ಎರಡು ಅಡಿ ಕಡಿಮೆ ಬಿದ್ದ ಗೆರೆ

ಬೆಳಗಿನ ಆರು ಗಂಟೆ ಹತ್ತು ನಿಮಿಷ. ಒಹಾಯೊ ರಾಜ್ಯದ ಲೈಮಾ ಪಟ್ಟಣದ ಹೊರಗೆ, ಸಣ್ಣ ಕಾಲೇಜೊಂದರ ಮೈದಾನದ ಹುಲ್ಲಿನ ಮೇಲೆ ಇಬ್ಬನಿ ಇನ್ನೂ ಹೆಪ್ಪುಗಟ್ಟಿದಂತೆಯೇ ಇದೆ. ಎಮರಿ ಟಕಾಚ್ ಮಂಡಿಯೂರಿ ಕುಳಿತು ನೂರು ಅಡಿಯ ಉಕ್ಕಿನ ಟೇಪನ್ನು ಬಿಡಿಸುತ್ತಿದ್ದಾರೆ. ಅರವತ್ತೆರಡರ ಮಂಡಿಗಳು, ಕೆಳಗೊಂದು ಹಳೆಯ ಕಾರಿನ ಚಾಪೆ. ಓಡುವ ಹುಡುಗರು ಬರಲು ಇನ್ನೂ ಮೂರು ಗಂಟೆ ಇದೆ.

ಅವರು ಅಳೆಯುತ್ತಿರುವುದು ನಲವತ್ತು ಗಜ, ಅಂದರೆ ನೂರಿಪ್ಪತ್ತು ಅಡಿ. ವೃತ್ತಿಪರ ಅಮೆರಿಕನ್ ಫುಟ್‌ಬಾಲ್ ತಂಡ ಸೇರಲು ಬಯಸುವ ಕಾಲೇಜು ಆಟಗಾರ ಅಷ್ಟು ದೂರವನ್ನು ಎಷ್ಟು ಸೆಕೆಂಡಿನಲ್ಲಿ ಓಡುತ್ತಾನೆ ಎಂಬುದು ಅವನ ಹೆಸರಿನ ಮುಂದೆ ಬೀಳುವ ಮೊದಲ ಅಂಕಿ. ಎಮರಿ ಇಪ್ಪತ್ತಾರು ವರ್ಷಗಳಿಂದ ಟೊಲೀಡೊ ಹೆರನ್ಸ್ ತಂಡದ ಸ್ಕೌಟ್. ಒಹಾಯೊ, ಇಂಡಿಯಾನ, ಮಿಷಿಗನ್‌ಗಳ ಸಣ್ಣ ಕಾಲೇಜುಗಳನ್ನು ಸುತ್ತಿ, ಆಟಗಾರರನ್ನು ನೋಡಿ, ಅಳೆದು, ಬರೆದು ಕಳಿಸುವುದು ಅವರ ಕೆಲಸ. ಏಪ್ರಿಲ್ ಕೊನೆಯಲ್ಲಿ ನಡೆಯುವ ಡ್ರಾಫ್ಟ್‌ನಲ್ಲಿ ತಂಡಗಳು ಸರದಿಯ ಪ್ರಕಾರ ಒಬ್ಬೊಬ್ಬ ಆಟಗಾರನನ್ನು ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಹೆಚ್ಚು ಸೋತವರಿಗೆ ಮೊದಲ ಸರದಿ. ಹೀಗೆ ಏಳು ಸುತ್ತು. ಟಿವಿಯಲ್ಲಿ ಕಾಣುವುದು ಆ ಮೂರು ದಿನ. ಉಳಿದ ವರ್ಷವೆಲ್ಲ ಎಮರಿಯಂಥವರದು.

ಟೇಪಿನ ತುದಿಯ ಕೊಕ್ಕೆ ಸವೆದು ಸೊಟ್ಟಗಾಗಿದೆ. ಅದಕ್ಕೇ ಅವರು ಸೊನ್ನೆಯಿಂದ ಅಳೆಯದೆ ಒಂದು ಅಡಿಯ ಗುರುತಿನಿಂದ ಅಳೆಯುತ್ತಾರೆ. ಸ್ಕೌಟ್ ಆಗುವ ಮೊದಲು ಹನ್ನೊಂದು ವರ್ಷ ರಸ್ತೆ ಇಲಾಖೆಯ ಸರ್ವೆ ತಂಡದಲ್ಲಿದ್ದವರು. ಅಲ್ಲಿ ಇದಕ್ಕೆ ‘ಅಡಿ ಸುಡುವುದು’ ಎನ್ನುತ್ತಿದ್ದರು: ಮೊದಲ ಅಡಿಯನ್ನು ಸುಟ್ಟುಹಾಕಿ, ಕೊನೆಯಲ್ಲಿ ಒಂದು ಅಡಿ ಕೂಡಿಸಿಕೊಳ್ಳುವುದು. ಟೇಪು ನೂರೇ ಅಡಿ ಇರುವುದರಿಂದ ಅರವತ್ತರಂತೆ ಎರಡು ಸಲ ಅಳೆಯಬೇಕು. ಅಂದರೆ ಪ್ರತಿ ಸಲವೂ ಅರವತ್ತೊಂದರ ಗುರುತಿಗೆ ಗೆರೆ ಹಾಕಬೇಕು.

ಗೆರೆ ಹಾಕಿ ಮುಗಿಸಿ ಎಮರಿ ಜೇಬಿನ ಪುಸ್ತಕ ತೆಗೆದು ‘61+61’ ಎಂದು ಬರೆಯುತ್ತಾರೆ. ಇದು ಈ ವರ್ಷದ ಕೊನೆಯ ಅಳತೆ, ಹದಿನೆಂಟನೆಯದು. ಬೆರಳನ್ನು ಹಿಂದಿನ ಸಾಲುಗಳ ಮೇಲೆ ಒಂದೊಂದಾಗಿ ಇಳಿಸುತ್ತಾರೆ. ಆರನೆಯ ಸಾಲಿನಲ್ಲಿ ಬೆರಳು ನಿಲ್ಲುತ್ತದೆ. ಹಾರ್ಲನ್ ಕಾಲೇಜು, ಮಾರ್ಚ್ 12: ‘60+60’.

ಫ್ಲಾಸ್ಕಿನ ಮುಚ್ಚಳದಲ್ಲಿದ್ದ ಕಾಫಿಯನ್ನು ಅವರು ಹುಲ್ಲಿಗೆ ಚೆಲ್ಲುತ್ತಾರೆ. ಹೇಳುವುದಿಷ್ಟೇ: “ಆವತ್ತು ಆ ಒಂದು ಅಡಿ ಕೂಡಿಸಿಲ್ಲ.”

ಇದೇಕೆ ಸಣ್ಣ ವಿಷಯವಲ್ಲ ಎಂದು ತಿಳಿಯಲು ಈ ಊರುಗಳ ಸ್ಕೌಟ್‌ಗಳ ಒಂದು ರೂಢಿ ಗೊತ್ತಿರಬೇಕು. ಓಟದ ಪರೀಕ್ಷೆಗೆ ಬೇರೆ ಬೇರೆ ತಂಡಗಳ ಸ್ಕೌಟ್‌ಗಳು ಬರುತ್ತಾರೆ. ಮೊದಲು ಬಂದವನು ಗೆರೆ ಹಾಕುತ್ತಾನೆ. ಉಳಿದವರು ಅದನ್ನು ಮತ್ತೆ ಅಳೆಯುವುದಿಲ್ಲ. ಅದರ ಪಕ್ಕ ನಿಂತು ತಮ್ಮ ತಮ್ಮ ಗಡಿಯಾರ ಒತ್ತುತ್ತಾರೆ. ಗೆರೆ ಹಾಕಿದವನು ಗೆರೆಗೆ ಜವಾಬ್ದಾರ. ಇದನ್ನು ಎಲ್ಲೂ ಬರೆದಿಟ್ಟಿಲ್ಲ. ಸುಮಾರು ಇಪ್ಪತ್ತು ವರ್ಷಗಳಿಂದ ಮೊದಲು ಬರುವವರು ಎಮರಿಯೇ. ಹಾರ್ಲನ್‌ನಲ್ಲಿ ಅವರು ಹಾಕಿದ ಗೆರೆಯ ಮೇಲೆ ಇನ್ನೂ ಐದು ತಂಡಗಳ ಗಡಿಯಾರ ಓಡಿವೆ.

ಮಧ್ಯಾಹ್ನ ಲೈಮಾದ ಪರೀಕ್ಷೆ ಮುಗಿದ ಕೂಡಲೇ ಎಮರಿ ಹಾರ್ಲನ್‌ಗೆ ಹೊರಡುತ್ತಾರೆ. ನೂರ ಮೂವತ್ತು ಮೈಲಿ. ಅವರ ಕಾರು ಈವರೆಗೆ ಎರಡು ಲಕ್ಷ ಎಂಬತ್ತು ಸಾವಿರ ಮೈಲಿ ಓಡಿದೆ. ವರ್ಷಕ್ಕೆ ನೂರ ತೊಂಬತ್ತು ರಾತ್ರಿ ಹೆದ್ದಾರಿ ಪಕ್ಕದ ವಸತಿಗೃಹಗಳಲ್ಲಿ. ವರ್ಷಕ್ಕೆ ಮುನ್ನೂರರಷ್ಟು ವರದಿ. ಇಪ್ಪತ್ತಾರು ವರ್ಷಗಳಲ್ಲಿ ಅವರು ಬರೆದವರ ಪೈಕಿ ತಂಡ ಆರಿಸಿಕೊಂಡದ್ದು ಒಂಬತ್ತು ಜನರನ್ನು. ಐದನೆಯ ಸುತ್ತಿಗಿಂತ ಮೇಲೆ ಒಬ್ಬನೂ ಇಲ್ಲ. ಈ ವರ್ಷ ಅದು ಬದಲಾಗುವುದರಲ್ಲಿತ್ತು.

ಹಾರ್ಲನ್‌ನ ಮೈಕಾ ಬಾಂಟ್ರೇಗರ್ ಹಿಂಬದಿಯ ರಕ್ಷಕ. ಎದುರಾಳಿಯ ಓಟಗಾರನಿಗೆ ಚೆಂಡು ಸಿಗದಂತೆ ಅವನ ಬೆನ್ನು ಹತ್ತಿ ಓಡುವವನು. ಈ ಮಾರ್ಚಿನವರೆಗೆ ಮೂರು ವರ್ಷ ಎಮರಿ ಬಿಟ್ಟರೆ ಅವನನ್ನು ನೋಡಲು ಹೋದವರೇ ಇರಲಿಲ್ಲ. ಮಾರ್ಚ್ ಹನ್ನೆರಡರಂದು ಅವನು 4.41 ಸೆಕೆಂಡಿನಲ್ಲಿ ಓಡಿದ. ಆ ಜಾಗದಲ್ಲಿ ಆಡುವವನಿಗೆ ಹೆರನ್ಸ್ ಇಟ್ಟುಕೊಂಡಿರುವ ಮಿತಿ 4.45. ತಂಡದ ಮುಖ್ಯ ವ್ಯವಸ್ಥಾಪಕ ಬ್ರೆಂಡನ್ ಹೇಲಿ ಈ ವರ್ಷದ ಇಡೀ ತಂತ್ರವನ್ನು ಆ ಅಂಕಿಯ ಮೇಲೆ ನಿಲ್ಲಿಸಿದರು. ಮೊದಲ ಸುತ್ತಿನಲ್ಲಿ ಹೆರನ್ಸ್‌ಗೆ ಏಳನೆಯ ಸರದಿ. ಅದನ್ನು ಬೇರೆ ತಂಡಕ್ಕೆ ಬಿಟ್ಟುಕೊಟ್ಟು, ಬದಲಿಗೆ ಆಮೇಲೆ ಬರುವ ಎರಡು ಸರದಿ ಪಡೆಯುವುದು. ಬೇಕಾದ ರಕ್ಷಕ ಹೇಗೂ ಮೂರನೆಯ ಸುತ್ತಿನಲ್ಲಿ ಹಾರ್ಲನ್‌ನಿಂದ ಬರುತ್ತಾನೆ.

ಹಾರ್ಲನ್‌ನಲ್ಲಿ ಓಟದ ದಿನ ಮಳೆ. ಓಟವನ್ನು ಒಳಾಂಗಣಕ್ಕೆ ಸ್ಥಳಾಂತರಿಸಿದ್ದರು. ನೆಲಕ್ಕೆ ಅಂಟಿಸಿದ್ದ ಬಿಳಿ ಪಟ್ಟಿಗಳು ಇನ್ನೂ ಹಾಗೇ ಇವೆ. ನೆಲ ಒರೆಸುವ ಲಿಯೋನಾ ಎಮರಿಯನ್ನು ಕಂಡದ್ದೇ ತಡ, ಕೋಲನ್ನು ಗೋಡೆಗೆ ಒರಗಿಸುತ್ತಾಳೆ.

“ಬಂದ್ರಾ? ಏನು ಅಂಟು ಹಾಕಿದ್ರಿ ಮಾರಾಯ್ರೆ, ಒಂದು ತಿಂಗಳಿಂದ ಕೆರೀತಾ ಇದ್ದೀನಿ, ಬರ್ತಾನೇ ಇಲ್ಲ.”

“ಬರದಿದ್ದದ್ದೇ ಒಳ್ಳೇದಾಯ್ತು. ಈ ತುದಿ ಸ್ವಲ್ಪ ಹಿಡ್ಕೊತೀರಾ?”

ಪಟ್ಟಿಯಿಂದ ಪಟ್ಟಿಗೆ ನೂರ ಹದಿನೆಂಟು ಅಡಿ. ಅವರು ಮೂರು ಸಲ ಅಳೆಯುತ್ತಾರೆ. ಮೂರು ಸಲವೂ ನೂರ ಹದಿನೆಂಟು. ಕೊನೆಯ ಗಜಗಳಲ್ಲಿ ಇಂಥ ಓಟಗಾರ ಸೆಕೆಂಡಿಗೆ ಸುಮಾರು ಮೂವತ್ತೊಂದು ಅಡಿ ಓಡುತ್ತಾನೆ. ಎರಡು ಅಡಿಗೆ ಸೆಕೆಂಡಿನ ನೂರರಲ್ಲಿ ಆರು ಭಾಗ. 4.41 ಎಂಬುದು 4.47 ಆಗುತ್ತದೆ, ಮಿತಿಯ ಆಚೆಗೆ. ಇನ್ನೊಮ್ಮೆ ಓಡಿಸಿ ನೋಡೋಣವೆಂದರೆ ಮೈಕಾನ ತೊಡೆಯ ಸ್ನಾಯು ಎರಡು ವಾರದ ಹಿಂದೆ ಉಳುಕಿದೆ. ಡ್ರಾಫ್ಟ್‌ಗೆ ಉಳಿದಿರುವುದು ಹದಿನಾಲ್ಕು ದಿನ.

ಮುಂದಿನ ಮಾತುಕತೆ ನಡೆದದ್ದು ಟೊಲೀಡೊದ ತಂಡದ ಕಚೇರಿಯಲ್ಲಿ, ಆಟಗಾರರ ಹೆಸರಿನ ಚೀಟಿಗಳನ್ನು ಗೋಡೆಯ ತುಂಬ ಸಾಲಾಗಿ ಅಂಟಿಸಿರುವ ಕೋಣೆಯಲ್ಲಿ. ಅಲ್ಲಿಗೆ ಹೊರಗಿನವರನ್ನು ಬಿಡುವುದಿಲ್ಲ. ಡ್ರಾಫ್ಟ್ ಮುಗಿದ ಮೇಲೆ ಎಮರಿ, ಹೇಲಿ ಇಬ್ಬರೂ ಅದನ್ನು ಬೇರೆ ಬೇರೆಯಾಗಿ ಹೇಳಿದರು; ಎರಡೂ ಹೇಳಿಕೆಗಳು ಹೊಂದುತ್ತವೆ.

ಹೇಲಿ ಮೈಕಾನ ಚೀಟಿಯನ್ನು ಮೂರನೆಯ ಸಾಲಿನಿಂದ ಕಿತ್ತು ತೀರಾ ಕೆಳಗೆ ಅಂಟಿಸಿದರು. ಬೈಯಲಿಲ್ಲ. “ಇದು ಬೇರೆ ಯಾರಿಗೆ ಗೊತ್ತು?” ಎಂದು ಕೇಳಿದರು.

“ನಿಮಗೆ, ನನಗೆ, ಹಾರ್ಲನ್‌ನಲ್ಲಿ ನೆಲ ಒರೆಸೋ ಲಿಯೋನಾಗೆ.”

“ಹಾಗಾದ್ರೆ ಅಲ್ಲಿಗೇ ನಿಲ್ಲಲಿ.”

ಮೂವತ್ತೆಂಟು ವರ್ಷದ ಹೇಲಿಗೆ ಲೆಕ್ಕ ತಕ್ಷಣ ಹೊಳೆದಿತ್ತು. ಈಗ ಏಳನೆಯ ಸರದಿಯನ್ನು ಬಿಟ್ಟುಕೊಡುವಂತಿಲ್ಲ. ರಕ್ಷಕನನ್ನು ಅಲ್ಲೇ ಹಿಡಿಯಬೇಕು. ಟೆಕ್ಸಸ್‌ನ ಒಬ್ಬ ಒಳ್ಳೆಯ ಆಟಗಾರನಿದ್ದಾನೆ. ಆದರೆ ಹೆರನ್ಸ್‌ಗಿಂತ ಮುಂದಿರುವ ತಂಡಗಳಲ್ಲಿ ಎರಡಕ್ಕೆ ಅಂಥವನೇ ಬೇಕು, ಮತ್ತು ಆ ಎರಡೂ ತಂಡಗಳ ಸ್ಕೌಟ್‌ಗಳು ಹಾರ್ಲನ್‌ಗೆ ಬಂದಿದ್ದರು. ಮೈಕಾ ಆಮೇಲೆ ಸಿಗುತ್ತಾನೆ ಎಂದು ಅವರು ನಂಬಿಕೊಂಡಿದ್ದರೆ ಟೆಕ್ಸಸ್‌ನವನು ಏಳರವರೆಗೆ ಉಳಿಯುತ್ತಾನೆ.

“ಗೆರೆ ನಮ್ಮ ತಂಡದ್ದಲ್ಲ ಬ್ರೆಂಡನ್,” ಎಂದರು ಎಮರಿ. “ಐದು ಜನ ಅದರ ಮೇಲೆ ಗಡಿಯಾರ ಒತ್ತಿದ್ದಾರೆ.”

“ನಿಮಗೆ ಸಂಬಳ ಕೊಡೋದು ಆ ಐದು ಜನ ಅಲ್ಲ.”

“ಅಲ್ಲ. ಅದೂ ಗೊತ್ತು.”

ಸ್ಕೌಟ್‌ಗಳ ಒಪ್ಪಂದ ಮುಗಿಯುವುದು ಮೇ ತಿಂಗಳಲ್ಲಿ, ಡ್ರಾಫ್ಟ್ ಆದ ಮೇಲೆ. ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಬಿಡಬೇಕು ಎಂಬುದು ಆಗಲೇ ತೀರ್ಮಾನವಾಗುತ್ತದೆ. ಆ ಮಾತು ಕೋಣೆಯಲ್ಲಿ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ.

ಟೊಲೀಡೊದ ಪೂರ್ವಕ್ಕೆ, ಹಂಗೇರಿಯನ್ನರು ನೆಲೆಸಿರುವ ಬೀದಿಯಲ್ಲಿ ಎಮರಿಯ ಮನೆ. ಅವರ ಹೆಂಡತಿ ಇರ್ಮಾ ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಆ ಸಂಜೆ ಹೊಗೆಯಾಡಿಸಿದ ಸಾಸೇಜು ಹೆಚ್ಚುತ್ತ ಎಲ್ಲವನ್ನೂ ಕೇಳಿಸಿಕೊಂಡರಂತೆ.

“ಎರಡು ವಾರ ಬಾಯಿ ಮುಚ್ಕೊಂಡಿರೋದು ನಿಂಗೇನು ಕಷ್ಟ? ಮೂವತ್ತೈದು ವರ್ಷದಿಂದ ನನ್ನ ಜೊತೆ ಅದನ್ನೇ ಮಾಡ್ಕೊಂಡು ಬಂದಿದ್ದೀಯ,” ಎಂದರು. ಆಮೇಲೆ ಚಾಕು ಕೆಳಗಿಟ್ಟು, “ಆದ್ರೆ ಇದಾದ್ಮೇಲೆ ಡ್ವೈಟ್ ಎದುರಿಗೆ ಕೂತು ಕಾಫಿ ಕುಡಿಯೋಕೆ ನಿನ್ನ ಕೈಲಿ ಆಗಲ್ಲ. ನಂಗೊತ್ತು,” ಎಂದರು.

ಡ್ವೈಟ್ ಮಲೋನಿ ಎದುರಾಳಿ ತಂಡವೊಂದರ ಸ್ಕೌಟ್, ಹಾರ್ಲನ್‌ಗೆ ಬಂದಿದ್ದ ಐವರಲ್ಲಿ ಒಬ್ಬರು. ಇಪ್ಪತ್ತು ವರ್ಷದಿಂದ ಅದೇ ರಸ್ತೆ, ಅದೇ ವಸತಿಗೃಹ. ಮರುದಿನ ಬೆಳಿಗ್ಗೆ ಎಮರಿ ಮೊದಲು ಹೇಲಿಗೆ ಫೋನ್ ಮಾಡಿ, “ನಾನು ಅವರಿಗೆ ಹೇಳ್ತೀನಿ,” ಎಂದು ತಿಳಿಸಿದರು. ಆಮೇಲೆ ಐವರಿಗೂ ಒಬ್ಬೊಬ್ಬರಂತೆ ಫೋನ್. ಡ್ವೈಟ್ ಮೊದಲು ನಕ್ಕರು.

“ಲೇ ಮುದುಕ, ಏಪ್ರಿಲ್ ಫೂಲ್ ಆಗಿ ಎರಡು ವಾರ ಆಯ್ತಲ್ಲೋ.”

“ತಮಾಷೆ ಅಲ್ಲ ಕಣೋ. ಅಡಿ ಸುಟ್ಟೆ, ಕೂಡಿಸ್ಲಿಲ್ಲ. ಎರಡು ಸಲ.”

“ನಾನು ಅವನ್ನ ಎರಡನೇ ಸುತ್ತಿಗೆ ಬರೆದು ಕಳಿಸಿದ್ದೀನಲ್ಲೋ!”

“ಅದಕ್ಕೇ ಫೋನ್ ಮಾಡಿದ್ದು.”

“ನಿಮ್ಮ ಸಾಹೇಬ್ರಿಗೆ ಗೊತ್ತಾ?”

“ಅವರಿಗೆ ಹೇಳಿಯೇ ಮಾಡ್ತಿರೋದು.”

“ಹಾಗಾದ್ರೆ ನಿನ್ನ ಕಥೆ ಮುಗೀತು,” ಎಂದರು ಡ್ವೈಟ್. ಅದನ್ನು ತಾನು ನಗದೆ ಹೇಳಿದೆ ಎಂದು ಅವರೇ ನೆನೆಯುತ್ತಾರೆ.

ಆರನೆಯ ಫೋನ್ ಮೈಕಾಗೆ. ಇದಕ್ಕೆ ಯಾವ ರೂಢಿಯೂ ಇಲ್ಲ. ಆಟಗಾರನಿಗೆ ಯಾರೂ ಹೀಗೆ ಹೇಳುವುದಿಲ್ಲ. ಎಮರಿ ಹೇಳಿ ಮುಗಿಸಿದಾಗ ಆ ಕಡೆಯಿಂದ ಹಸುಗಳ ಸದ್ದು ಬರುತ್ತಿತ್ತು. ಮೈಕಾ ಅಪ್ಪನ ಹೈನುಮನೆಯಲ್ಲಿದ್ದ.

“ಸರ್, ನಾನು ಯಾವತ್ತೂ 4.46ಕ್ಕಿಂತ ಕಮ್ಮೀಲಿ ಓಡಿದೋನೇ ಅಲ್ಲ. ಆವತ್ತೇನೋ ಕಾಲು ಚೆನ್ನಾಗಿ ಬಂತು ಅಂದ್ಕೊಂಡಿದ್ದೆ. ಅಮ್ಮ ಕೇಕ್ ಬೇರೆ ಮಾಡಿದ್ರು.”

“ಕೇಕ್ ತಿಂದಾಯ್ತಲ್ಲಪ್ಪ. ಅದನ್ನ ಯಾರೂ ವಾಪಸ್ ಕೇಳಲ್ಲ.”

“ನೀವಲ್ದೆ ಬೇರೆ ಯಾರಾದ್ರೂ ಆಗಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ, ಅಲ್ವಾ ಸರ್?”



ಡ್ರಾಫ್ಟ್‌ನ ಮೊದಲ ಸಂಜೆ ಟೆಕ್ಸಸ್‌ನ ಆಟಗಾರ ಐದನೆಯ ಸರದಿಯಲ್ಲೇ ಹೋದ. ಆರಿಸಿಕೊಂಡದ್ದು ಡ್ವೈಟ್‌ನ ತಂಡ. ಎಮರಿಯ ಫೋನ್ ಇಲ್ಲದಿದ್ದರೆ ಹಾಗಾಗುತ್ತಿತ್ತೇ ಎಂಬುದನ್ನು ಸಾಬೀತು ಮಾಡಲು ದಾರಿಯಿಲ್ಲ. ಆಗುತ್ತಿರಲಿಲ್ಲ ಎನ್ನುವ ಸಾಧ್ಯತೆ ಕಡಿಮೆಯೇನಲ್ಲ. ಹೆರನ್ಸ್ ಏಳರಲ್ಲಿ ತನ್ನ ಪಟ್ಟಿಯ ಎರಡನೆಯವನನ್ನು ತೆಗೆದುಕೊಂಡಿತು. ಏಳು ಸುತ್ತು ಮುಗಿದರೂ ಮೈಕಾ ಬಾಂಟ್ರೇಗರ್‌ನ ಹೆಸರನ್ನು ಯಾರೂ ಕೂಗಲಿಲ್ಲ.

ಹಾಗೆ ಉಳಿದವನು ತನಗೆ ಬೇಕಾದ ತಂಡವನ್ನು ತಾನೇ ಆರಿಸಿಕೊಳ್ಳಬಹುದು. ಶನಿವಾರ ಸಂಜೆ ಮೈಕಾಗೆ ಮೂರು ತಂಡಗಳಿಂದ ಕರೆ ಬಂತು. ಒಂದು ಹೆರನ್ಸ್‌ನದು, ಮಾಡಿದ್ದು ಹೇಲಿಯೇ. “4.47 ಓಡೋನು 4.47ರ ಬೆಲೆಗೆ ಸಿಕ್ಕಿದ್ರೆ ನಾನ್ಯಾಕೆ ಬೇಡ ಅನ್ಲಿ?” ಎನ್ನುತ್ತಾರೆ ಅವರು. ಮೈಕಾ ಹೆರನ್ಸ್ ಎಂದ. ಕಾರಣ ಕೇಳಿದರೆ, “ನನ್ನ ವಿಷಯ ನನಗೆ ಸರಿಯಾಗಿ ಹೇಳಿದ ಊರು ಅದು,” ಎನ್ನುತ್ತಾನೆ. ಜುಲೈನಲ್ಲಿ ಅಭ್ಯಾಸಕ್ಕೆ ಸೇರುತ್ತಾನೆ. ಅವನಂತೆ ಬರುವವರಲ್ಲಿ ಹೆಚ್ಚಿನವರು ತಂಡದಲ್ಲಿ ಜಾಗ ಸಿಗದೆ ಆಗಸ್ಟ್ ಕೊನೆಗೆ ಮನೆಗೆ ಹೋಗುತ್ತಾರೆ.

ಮೇ ಆರರಂದು ಎಮರಿಯ ಒಪ್ಪಂದವನ್ನು ತಂಡ ಮುಂದುವರಿಸಲಿಲ್ಲ. ಆ ಫೋನ್‌ಗಳೇ ಕಾರಣವಲ್ಲ, ಸಣ್ಣ ಕಾಲೇಜುಗಳಿಗೆ ಇಡುವ ಜನರನ್ನೇ ಕಡಿಮೆ ಮಾಡುತ್ತಿದ್ದೇವೆ ಎನ್ನುತ್ತಾರೆ ಹೇಲಿ. ಬಾಯಿ ಮುಚ್ಚಿಕೊಂಡಿರಿ ಎಂದದ್ದನ್ನು ಅಲ್ಲಗಳೆಯುವುದಿಲ್ಲ. “ಬರ್ಕೊಳ್ಳಿ. ಅದು ಮೋಸ ಅಲ್ಲ, ಸುಮ್ಮನಿರೋದು. ಏಪ್ರಿಲ್‌ನಲ್ಲಿ ಎಲ್ಲರೂ ಸುಮ್ಮನಿರ್ತಾರೆ.”

ಎಮರಿ ಅವರನ್ನು ದೂರುವುದಿಲ್ಲ. “ತಪ್ಪು ಮಾಡಿದ್ದು ಅವರಲ್ಲ, ನಾನು. ಟೇಪಿನ ತುದಿ ಸವೆದಿದೆ ಅಂತ ಹೋದ ವರ್ಷದ ಅಕ್ಟೋಬರ್‌ನಲ್ಲೇ ಗೊತ್ತಿತ್ತು. ಹೊಸದು ತಗೊಳ್ಳೋಕೆ ಸೋಮಾರಿತನ,” ಎನ್ನುತ್ತಾರೆ. ಈಗ ಅಡುಗೆಮನೆಯ ಮೇಜಿನ ಮೇಲೆ ಹೊಸ ಟೇಪು ಇದೆ. ಪೊಟ್ಟಣ ಬಿಚ್ಚಿ, ಹಳೆಯದರ ಪಕ್ಕ ಇಟ್ಟು, ಅಡಿಗೆ ಅಡಿ ತಾಳೆ ನೋಡಿದ್ದಾರೆ. ಅದನ್ನು ಯಾಕೆ ಕೊಂಡರು ಎಂದು ಇರ್ಮಾ ಇನ್ನೂ ಕೇಳುತ್ತಲೇ ಇದ್ದಾರೆ.

ಕಾರಣ ಇಷ್ಟೇ. ಹೋದ ವಾರ ಹಾರ್ಲನ್‌ನ ತರಬೇತುದಾರರು ಫೋನ್ ಮಾಡಿದ್ದರು. ಬರುವ ಮಾರ್ಚಿನ ಓಟಕ್ಕೆ ಯಾವ ತಂಡದವರೇ ಬರಲಿ, ಗೆರೆ ಮಾತ್ರ ನೀವೇ ಹಾಕಿಕೊಡಬೇಕು ಎಂದರಂತೆ. ಸಂಬಳ ಇಲ್ಲ, ಹ್ಯಾಮ್ ಸ್ಯಾಂಡ್‌ವಿಚ್ ಇದೆ.

“ಡ್ವೈಟ್ ಈ ಸಲ ತನ್ನದೇ ಟೇಪು ತರ್ತಾನಂತೆ, ನನ್ನ ಹಿಂದೆ ಅಳೆದು ನೋಡೋಕೆ,” ಎನ್ನುತ್ತ ಎಮರಿ ಹೊಸ ಟೇಪಿನ ಕೊಕ್ಕೆಯನ್ನು ಮೇಜಿನ ಅಂಚಿಗೆ ಸಿಕ್ಕಿಸಿ ಎಳೆಯುತ್ತಾರೆ. “ನೋಡ್ಲಿ ಬಿಡಿ. ನೂರಿಪ್ಪತ್ತೇ ಇರುತ್ತೆ.”