ವಾಪಸ್ ಬಂದ ಲೆನ್ಸ್

ಆಲೂರಿನ ಶಾಲೆಯೊಂದರಲ್ಲಿ ವಿಜ್ಞಾನ ಪಾಠ ಮಾಡುವ ನನಗೆ ಹಕ್ಕಿಗಳ ಫೋಟೊ ತೆಗೆಯುವ ಹುಚ್ಚು ಬಹಳ ವರ್ಷ ಇತ್ತು. ಬಲಗೈ ಭುಜದ ನೋವು ಹೆಚ್ಚಾದ ಮೇಲೆ ಆ ಭಾರದ ಲೆನ್ಸನ್ನು ಎತ್ತಿ ಹಿಡಿಯುವುದು ಆಗದಾಯಿತು. ಎಡಕುಮೇರಿ ಕಡೆಯ ಕಾಡಿನಲ್ಲಿ ಮಂಗಟ್ಟೆ ಹಕ್ಕಿಯೊಂದನ್ನು ತೆಗೆದದ್ದೇ ಕೊನೆ. ಹಳೇ ಸಾಮಾನು ಮಾರುವ ಆ್ಯಪ್ ಒಂದರಲ್ಲಿ ಲೆನ್ಸಿನ ಫೋಟೊ ಹಾಕಿದೆ. ಮೂರೇ ದಿನಕ್ಕೆ ದೂರದ ಊರಿನವನೊಬ್ಬ ಕೊಂಡ.

ಆ ಆ್ಯಪಿನಲ್ಲಿ ಕೊಳ್ಳುವವರ ರಕ್ಷಣೆಗೆಂದು ಒಂದು ನಿಯಮವಿದೆ. ವಸ್ತು ಕೈಸೇರಿ, ಸರಿಯಿದೆ ಎಂದು ಕೊಂಡವರು ಒಪ್ಪುವವರೆಗೆ ಹಣ ಕಂಪನಿಯ ಬಳಿಯೇ ಇರುತ್ತದೆ. ನಾನೇ ಅಲ್ಲಿ ಪುಸ್ತಕ, ಮಿಕ್ಸಿ ಕೊಂಡಾಗ ಆ ನಿಯಮ ಓದಿ ಧೈರ್ಯ ತಂದುಕೊಂಡವಳು. ಮಾರುವವರಿಗೆ ಏನು ರಕ್ಷಣೆ ಎಂದು ಯೋಚಿಸಿಯೇ ಇರಲಿಲ್ಲ.

ಲೆನ್ಸ್ ತಲುಪಿದ ಎರಡನೇ ದಿನ ದೂರು ಬಂತು: ‘ಒಳಗೆ ಬೂಷ್ಟು ಹಿಡಿದಿದೆ.’ ನಮ್ಮ ಕಡೆಯ ತೇವಕ್ಕೆ ಲೆನ್ಸಿಗೆ ಬೂಷ್ಟು ಹಿಡಿಯುವುದು ಹೊಸದಲ್ಲ. ಅದಕ್ಕೇ ನಾನು ಅದನ್ನು ಗಾಳಿಯಾಡದ ಡಬ್ಬಿಯಲ್ಲಿ, ತೇವ ಹೀರುವ ಪೊಟ್ಟಣಗಳ ನಡುವೆ ಇಟ್ಟಿದ್ದೆ. ಆದರೂ ಅವನ ಮಾತು ಓದಿದ ಕೂಡಲೇ ಮೊದಲು ಅನುಮಾನ ಬಂದದ್ದು ನನ್ನ ಕಣ್ಣಿನ ಮೇಲೆಯೇ. ಸರಿಯಾಗಿ ನೋಡಿದ್ದೆನೋ ಇಲ್ಲವೋ? ವಾಪಸ್ ಕಳಿಸಲಿ ಎಂದು ಒಪ್ಪಿದೆ.

ಪಾರ್ಸೆಲ್ ನಮ್ಮೂರು ಆನೇಮಹಲಿನ ಕೊರಿಯರ್ ಅಂಗಡಿಗೆ ಬಂತು. ಅಂಗಡಿಯವರು ನಮ್ಮ ಯಜಮಾನರ ವಯಸ್ಸಿನವರು. ನಮ್ಮ ಮನೆಯ ಔಷಧಿ, ಪುಸ್ತಕಗಳೆಲ್ಲ ವರ್ಷಗಳಿಂದ ಅವರ ಕೈಯಿಂದಲೇ ಬರುತ್ತಿದ್ದವು. ಮನೆಗೆ ತಂದು ಬಿಚ್ಚಿ, ಟಾರ್ಚ್ ಹಿಡಿದು ನೋಡಿದೆ. ಗಾಜಿನೊಳಗೆ ಜೇಡರಬಲೆಯಂತೆ ಬೂಷ್ಟು ಹರಡಿತ್ತು. ಅದೇ ಕಂಪನಿಯ ಲೆನ್ಸು, ಅದೇ ಅಳತೆ. ಹಳೇ ಬಿಲ್ಲು ಹುಡುಕಿ, ಅದರಲ್ಲಿದ್ದ ಸೀರಿಯಲ್ ನಂಬರನ್ನು ಲೆನ್ಸಿನ ಮೇಲಿನ ನಂಬರಿನ ಜೊತೆ ಹೋಲಿಸಿದೆ. ಬೇರೆಯಾಗಿತ್ತು. ಅದು ನನ್ನ ಲೆನ್ಸೇ ಅಲ್ಲ.

ಆಗ ಪಾರ್ಸೆಲಿನ ಡಬ್ಬಿಯ ಕಡೆ ನೋಡಿದೆ. ಅದು ನಾನು ಕಳಿಸಿದ ಡಬ್ಬಿಯಲ್ಲ, ಹೊಸದು; ಆದರೂ ಅದರ ಪಾರದರ್ಶಕ ಟೇಪಿನ ಮೇಲೆ ಕಂದು ಟೇಪು ಸುತ್ತಿತ್ತು. ಯಾರೋ ಒಮ್ಮೆ ಬಿಚ್ಚಿ ಮತ್ತೆ ಮುಚ್ಚಿದಂತೆ.

"ದಾರಿಯಲ್ಲೇ ಬದಲಾಯಿಸಿದ್ದಾರೆ," ಎಂದೆ.

ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿರುವ ಯಜಮಾನರು ತಲೆಯಾಡಿಸಿದರು. "ಅವ್ರು ಅಂಥೋರಲ್ಲ ಕಣೆ. ಆ ತಗೊಂಡವನ್ನ ಮೊದ್ಲು ಹಿಡ್ಕೊ."

ಕೊಂಡವನಿಗೆ ಬರೆದೆ. ‘ಬಂದದ್ದನ್ನೇ ಕಳಿಸಿದ್ದೇನೆ ಮೇಡಂ, ನಿಮ್ಮ ತೊಂದರೆಗೆ ಬೇಸರವಿದೆ’ ಎಂದು ಎಷ್ಟು ನಯವಾಗಿ ಉತ್ತರಿಸಿದನೆಂದರೆ, ಆ ನಯವನ್ನು ನಾನು ನಂಬಿಬಿಟ್ಟೆ. ಕಣ್ಣೆದುರಿಗೆ ಸಿಗುತ್ತಿದ್ದ ಮನುಷ್ಯನನ್ನು ನಂಬಲಿಲ್ಲ.

ನಾಲ್ಕು ದಿನ ಶಾಲೆ ಬಿಟ್ಟ ಮೇಲೆ ಬಸ್ಸಿಳಿದು ಅಂಗಡಿಗೆ ಹೋದೆ. ಪಾರ್ಸೆಲ್ ಎಲ್ಲಿಟ್ಟಿದ್ದಿರಿ, ಯಾರು ಮುಟ್ಟಿದರು, ಕಂದು ಟೇಪು ನಿಮ್ಮಲ್ಲೂ ಇದೆಯಲ್ಲ, ಹೀಗೆ ಕೇಳಿದ್ದನ್ನೇ ಕೇಳಿದೆ. ಮೊದಲ ಎರಡು ದಿನ ಅವರು ನಗುತ್ತಲೇ ಉತ್ತರಿಸಿದರು. ಮೂರನೇ ದಿನ ನಗಲಿಲ್ಲ. ನಾಲ್ಕನೇ ದಿನ, ಬೇರೆ ಗಿರಾಕಿಗಳ ಎದುರಿಗೇ ನಾನು ದನಿ ಏರಿಸಿದಾಗ, ಕೈಯಲ್ಲಿದ್ದ ಪೆನ್ನನ್ನು ಕೆಳಗಿಟ್ಟರು.

"ಬಂದಂಗೆ ತಂದು ಕೊಟ್ಟಿದೀನಿ ಮೇಡಂ. ನಿಮ್ಗೆ ನನ್ಮೇಲೆ ಅನುಮಾನ ಐತೆ ಅಂದ್ರೆ ನೇರವಾಗಿ ಹೇಳಿ."

ನಾನು ಅವರ ಮೇಜಿನ ಮೇಲಿದ್ದ ಕಂದು ಟೇಪಿನ ಸುರುಳಿಯ ಕಡೆ ನೋಡಿದೆ. ಅದೇ ಉತ್ತರವೆಂದು ಅವರಿಗೆ ಗೊತ್ತಾಯಿತು.

ಮರುದಿನ ಬೆಳಿಗ್ಗೆ ಅವರೇ ಫೋನ್ ಮಾಡಿ ಕರೆದರು. ಪಾರ್ಸೆಲ್ ಬುಕ್ ಮಾಡುವಾಗ ಅದರ ಫೋಟೊ ತೆಗೆದಿಡುವುದು ಅವರ ಕಂಪನಿಯ ಪದ್ಧತಿಯಂತೆ. ಕೊಂಡವನ ಊರಿನ ಶಾಖೆಯನ್ನು ಕೇಳಿ ಅದನ್ನು ತರಿಸಿದ್ದರು. ಕೊಂಡವನು ಕೌಂಟರಿಗೆ ಕೊಟ್ಟ ಗಳಿಗೆಯ ಆ ಫೋಟೊದಲ್ಲೇ ಕಂದು ಟೇಪು ಸ್ಪಷ್ಟವಾಗಿ ಕಾಣುತ್ತಿತ್ತು.

"ನೋಡಿ. ಅಲ್ಲಿಂದ್ಲೇ ಹಂಗೆ ಬಂದೈತೆ."

ಫೋಟೊ, ಹಳೇ ಬಿಲ್ಲು, ಎರಡೂ ನಂಬರು ಸೇರಿಸಿ ಆ್ಯಪಿನ ಕಂಪನಿಗೆ ಕಳಿಸಿದೆ. ಸಂಜೆಯೇ ಉತ್ತರ ಬಂತು. ವಾಪಸ್ ಬಂದ ವಸ್ತುವಿನ ಬಗ್ಗೆ ತಕರಾರು ಹೇಳಲು ನಾಲ್ಕು ದಿನ ಗಡುವಿತ್ತು. ಅದು ಹಿಂದಿನ ದಿನ ಮುಗಿದಿದೆ. ಹಣ ಕೊಂಡವರಿಗೆ ವಾಪಸ್ ಹೋಗಿದೆ. ಜೊತೆಗೆ, ಮಾರುವಾಗ ನಾನು ಹಾಕಿದ ಫೋಟೊಗಳಲ್ಲಿ ಎಲ್ಲೂ ನಂಬರು ಕಾಣುವುದಿಲ್ಲ. ಪ್ರಕರಣ ಮುಗಿಸಿದ್ದೇವೆ, ಧನ್ಯವಾದಗಳು.

ಆ ನಾಲ್ಕೂ ದಿನಗಳನ್ನು ನಾನು ಕಳೆದದ್ದು ಕೊರಿಯರ್ ಅಂಗಡಿಯ ಕೌಂಟರಿನೆದುರು.

ಕ್ಷಮೆ ಕೇಳಲು ಹೋದಾಗ ಅವರು ಕುರ್ಚಿ ಎಳೆದು ಕೂರಿಸಿ, ಪಕ್ಕದ ಹೋಟೆಲಿನಿಂದ ಕಾಫಿ ತರಿಸಿದರು.

"ಕೇಳಿದ್ದು ತಪ್ಪಲ್ಲ ಮೇಡಂ," ಎಂದರು. "ಅವನ್ನ ಒಂದೇ ಸಲ ಕೇಳಿ ಸುಮ್ನಾದ್ರಿ, ನನ್ನ ನಾಕು ದಿನ ಕೇಳುದ್ರಿ. ಅದ್ಕೇ ಬೇಜಾರಾಯ್ತು ಕಣ್ರೀ."

ಕಾಫಿ ಕುಡಿದು ಎದ್ದೆ. ಈಗಲೂ ನಮ್ಮ ಪಾರ್ಸೆಲ್‌ಗಳನ್ನು ಅವರೇ ಕೊಡುತ್ತಾರೆ. ಆದರೆ ಪ್ರತಿ ಸಲವೂ ನನ್ನೆದುರಿಗೇ ಡಬ್ಬಿಯನ್ನು ನಾಲ್ಕೂ ಕಡೆ ತಿರುಗಿಸಿ ತೋರಿಸಿ, ಆಮೇಲೆ ಸಹಿ ಕೇಳುತ್ತಾರೆ. ಬೇಡವೆಂದರೂ ಬಿಡುವುದಿಲ್ಲ.

ಮೊನ್ನೆ ಆ್ಯಪ್ ನೋಡುವಾಗ ಅದೇ ಬಗೆಯ ಲೆನ್ಸೊಂದು ಮಾರಾಟಕ್ಕಿತ್ತು. ನನ್ನ ಲೆನ್ಸ್ ಕೊಂಡವನದೇ ಊರು, ಬೇರೆ ಹೆಸರು. ‘ನಂಬರಿನ ಫೋಟೊ ಕಳಿಸುತ್ತೀರಾ?’ ಎಂದು ಬರೆದೆ. ಉತ್ತರ ಬರಲಿಲ್ಲ. ಬೆಳಿಗ್ಗೆ ನೋಡಿದರೆ ಆ ಜಾಹೀರಾತೇ ಇರಲಿಲ್ಲ.